ವಿದೇಶಿ ಗ್ರೋ ಲೈಟು, ಕೊಡಗಿನ ಕರೆಂಟು

ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಆರ್ಕಿಡ್, ಆಂಥೂರಿಯಂ, ತರಕಾರಿ ಸಸಿಗಳಿಗೆ ವಿದೇಶದಿಂದ ಬಂದ ಗ್ರೋ ಲೈಟ್ ಹಾಕುವ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಉತ್ತರ.

ಮಗಳು ಅಮೆರಿಕದಿಂದ ಎಲ್‌ಇಡಿ ಗ್ರೋ ಲೈಟ್ ತಂದಿದ್ದಾಳೆ. ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್ನು, ಒಂದು ದುಂಡು ಪಿನ್ನು. ಪಕ್ಕದ ಮನೆಯವರು ‘ಅದು 110 ವೋಲ್ಟಿನದು, ಹಾಕಿದರೆ ಸುಟ್ಟುಹೋಗುತ್ತದೆ’ ಅನ್ನುತ್ತಾರೆ. ನಿಜವೇ?
– ಒಬ್ಬ ಓದುಗರು, ಮಡಿಕೇರಿ

ಪ್ಲಗ್ಗಿನ ಆಕಾರ ನೋಡಿ ವೋಲ್ಟೇಜ್ ಹೇಳಲಾಗದು. ದೀಪದ ಬೆನ್ನಿಗಿರುವ ಲೋಹದ ಡಬ್ಬಿ, ಅಂದರೆ ಡ್ರೈವರ್, ಅದರ ಮೇಲಿನ ಚೀಟಿಯಲ್ಲಿ ‘ಇನ್‌ಪುಟ್’ ಎಂಬ ಸಾಲು ಓದಿ. ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ನಮ್ಮ 230 ವೋಲ್ಟ್, 50 ಹರ್ಟ್ಸಿಗೆ ನೇರವಾಗಿ ಹಾಕಬಹುದು. ‘100–277’ ಎಂದಿದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ದೊಡ್ಡ ಕಟ್ಟಡಗಳಲ್ಲಿ ಫೇಸ್–ನ್ಯೂಟ್ರಲ್ ನಡುವೆ 277 ವೋಲ್ಟ್ ಇರುವುದರಿಂದ ಅದಕ್ಕೂ ತಡೆಯುವಂತೆ ಮಾಡಿರುತ್ತಾರೆ. ಬರೀ ‘120 ವೋಲ್ಟ್’ ಎಂದಿದ್ದರೆ ಮಾತ್ರ ನೆರೆಯವರ ಮಾತು ನಿಜ. ಫ್ಯಾನ್ ಅಥವಾ ಟೈಮರ್ ಬೇರೆಯಾಗಿ ಬಂದಿದ್ದರೆ ಅವುಗಳ ಚೀಟಿಯನ್ನೂ ಓದಿ. ದೀಪ 240ಕ್ಕೆ ಒಗ್ಗಿ, ಜೊತೆಗೆ ಬಂದ ಟೈಮರ್ 120ರದ್ದೇ ಆಗಿರುವುದು ತೀರಾ ಸಾಮಾನ್ಯ.

ಟ್ರಾವೆಲ್ ಅಡಾಪ್ಟರ್ ಹಾಕಬೇಡಿ. ಹೆಚ್ಚಿನವುಗಳಲ್ಲಿ ಅರ್ತ್ ಮುಂದಕ್ಕೆ ಹೋಗುವುದೇ ಇಲ್ಲ. ವಯರು ಕತ್ತರಿಸಿ ನಮ್ಮ ಮೂರು ಪಿನ್ನಿನ ಪ್ಲಗ್ಗು ಹಾಕುವುದೇ ಸರಿ. ಆದರೆ ಬಣ್ಣದಲ್ಲಿ ಮೋಸ ಹೋಗಬೇಡಿ: ನಮ್ಮ ಹಳೆಯ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಮೆರಿಕದ ವಯರಿನಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅರ್ತ್. ಯುರೋಪಿನದಾದರೆ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಕತ್ತರಿಸುವ ಮೊದಲೇ ಈ ಬಣ್ಣಗಳನ್ನು ಎಲೆಕ್ಟ್ರಿಷಿಯನ್ನಿಗೆ ಹೇಳಿಬಿಡಿ.

ನಮ್ಮಲ್ಲಿರುವುದು 400 ವ್ಯಾಟಿನ ಸೋಡಿಯಂ ದೀಪ, ಭಾರವಾದ ಬ್ಯಾಲಸ್ಟ್ ಸಮೇತ. ಚೀಟಿಯಲ್ಲಿ ‘120 ವೋಲ್ಟ್, 60 ಹರ್ಟ್ಸ್’ ಎಂದಿದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದರೆ ಸಾಕೇ?
– ವಿರಾಜಪೇಟೆ

ಸಾಲದು. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 120 ಮಾಡುತ್ತದೆ, 50 ಹರ್ಟ್ಸನ್ನು 60 ಮಾಡುವುದಿಲ್ಲ. ಬ್ಯಾಲಸ್ಟಿನೊಳಗಿನ ತಾಮ್ರ ಸುತ್ತಿದ ಚೋಕ್ ಕರೆಂಟನ್ನು ತಡೆಯುವ ಶಕ್ತಿ ಹರ್ಟ್ಸಿಗೆ ತಕ್ಕಂತೆ ಇರುತ್ತದೆ. 60ರಿಂದ 50ಕ್ಕೆ ಇಳಿದರೆ ಆ ತಡೆ ಆರರಲ್ಲೊಂದು ಪಾಲು ಕಡಿಮೆಯಾಗಿ, ಕರೆಂಟು ಸುಮಾರು ಶೇ. 20 ಹೆಚ್ಚು ಹರಿಯುತ್ತದೆ. ಚೋಕ್ ಗುಂಯ್ ಎನ್ನುತ್ತದೆ, ಕಾಯುತ್ತದೆ, ಕೊನೆಗೆ ಇನ್ಸುಲೇಶನ್ ಸುಟ್ಟ ವಾಸನೆ ಬರುತ್ತದೆ.

ಬ್ಯಾಲಸ್ಟ್ ಬಿಟ್ಟುಬಿಡಿ. ಬಲ್ಬು, 230 ವೋಲ್ಟ್ 50 ಹರ್ಟ್ಸಿನ 400 ವ್ಯಾಟ್ ಸೋಡಿಯಂ ಚೋಕ್, ಇಗ್ನೈಟರ್, ಕೆಪಾಸಿಟರ್ ನಾಲ್ಕನ್ನೂ ಇಲ್ಲೇ, ಒಂದಕ್ಕೊಂದು ಹೊಂದುವ ಸೆಟ್ಟಾಗಿ ಕೊಳ್ಳಿ. ಹೋಲ್ಡರನ್ನೂ ಬದಲಿಸಬೇಕು: ಅಮೆರಿಕದ್ದು ಇ39, ನಮ್ಮದು ಇ40. ಒಂದು ಮಿಲಿಮೀಟರಿನ ವ್ಯತ್ಯಾಸದಲ್ಲಿ ಬಲ್ಬು ಸರಿಯಾಗಿ ಕೂರದೆ ಕಿಡಿ ಹಾರುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಅಮೆರಿಕದಿಂದ ಬಂದದ್ದರಲ್ಲಿ ಉಳಿಯುವುದು ತಗಡಿನ ರಿಫ್ಲೆಕ್ಟರ್ ಒಂದೇ! ಆ ಖರ್ಚಿಗೆ ಎಲ್‌ಇಡಿಯೇ ಲೇಸು.

ಮೋಟರಿನ ಮುಳ್ಳು ತಿರುಗುವ 60 ಹರ್ಟ್ಸಿನ ಟೈಮರಿಗೂ ಇದೇ ಕಥೆ. ಟ್ರಾನ್ಸ್‌ಫಾರ್ಮರ್ ಮೂಲಕ ಕೊಟ್ಟರೆ ಸುಡುವುದಿಲ್ಲ, ಆದರೆ ದಿನಕ್ಕೆ ನಾಲ್ಕು ಗಂಟೆ ಹಿಂದೆ ಬೀಳುತ್ತದೆ. ಮೂರು ದಿನ ಕಳೆದರೆ ಹಗಲು ಉರಿಯಬೇಕಾದ ದೀಪ ರಾತ್ರಿ ಉರಿಯುತ್ತದೆ. ಇಲ್ಲಿಯ ಟೈಮರ್ ಕೊಳ್ಳಿ.

ಕಕ್ಕಡದ ಮಳೆಯಲ್ಲಿ ನಮ್ಮಲ್ಲಿ ವೋಲ್ಟೇಜ್ 160ಕ್ಕೆ ಇಳಿಯುತ್ತದೆ. ಒಮ್ಮೊಮ್ಮೆ ಬಲ್ಬುಗಳು ಇದ್ದಕ್ಕಿದ್ದಂತೆ ಝಗ್ಗನೆ ಉರಿಯುತ್ತವೆ. ಹಾಗಾದ ಒಂದು ದಿನ ಎರಡು ಗ್ರೋ ಲೈಟಲ್ಲಿ ಒಂದು ಸತ್ತುಹೋಯಿತು. ಸ್ಟೆಬಿಲೈಸರ್ ಹಾಕಬೇಕೇ? ಮನೆಗೆ ತ್ರೀಫೇಸ್ ಇದೆ.
– ಭಾಗಮಂಡಲ ಕಡೆಯ ಓದುಗರು

160ಕ್ಕೆ ಇಳಿದದ್ದರಿಂದ ಸತ್ತಿಲ್ಲ. 100–240ರ ಡ್ರೈವರಿಗೆ ಅದು ಲೆಕ್ಕಕ್ಕಿಲ್ಲ, ಬೆಳಕೂ ಮಂಕಾಗುವುದಿಲ್ಲ. ಬದಲಿಗೆ ಅದು ಹೆಚ್ಚು ಕರೆಂಟು ಎಳೆದುಕೊಳ್ಳುತ್ತದೆ: 230ರಲ್ಲಿ ಒಂದು ಆಂಪಿಯರ್ ಚಿಲ್ಲರೆ ಎಳೆಯುವ 240 ವ್ಯಾಟಿನ ದೀಪ 160ರಲ್ಲಿ ಒಂದೂವರೆ ಆಂಪಿಯರಿಗೂ ಮೇಲೆ ಎಳೆಯುತ್ತದೆ. ಹಳೆಯ ಸಡಿಲ ಸಾಕೆಟ್ಟಾದರೆ ಬಿಸಿಯಾಗುತ್ತದೆ, ಅಷ್ಟೆ.

ಕೊಂದದ್ದು ಆ ‘ಝಗ್ಗನೆ’. ಮರ ಬಿದ್ದೋ ಕೊಂಬೆ ಉಜ್ಜಿಯೋ ಲೈನಿನ ನ್ಯೂಟ್ರಲ್ ತಂತಿ ಕಟ್ಟಾದಾಗ ಮೂರು ಫೇಸುಗಳ ಲೋಡುಗಳು ಒಂದರೊಡನೊಂದು ಜಗ್ಗಾಡತೊಡಗುತ್ತವೆ. ಗೀಸರಿನಂಥ ಭಾರದ ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಹಗುರ ಲೋಡಿನದರಲ್ಲಿ 300 ದಾಟಿ 400ರ ಹತ್ತಿರಕ್ಕೂ ಏರಬಹುದು. ಮನೆಗೆ ಬಂದಿರುವುದು ಸಿಂಗಲ್ ಫೇಸಾದರೂ ತಪ್ಪಿಸಿಕೊಂಡಂತಲ್ಲ: ನ್ಯೂಟ್ರಲ್ ಹಿಂದಿನ ಕಂಬದಲ್ಲಿ ಕಟ್ಟಾದರೆ ನಿಮ್ಮ ಫೇಸು, ನೆರೆಮನೆಯ ಫೇಸು ಸೇರಿ ಇದೇ ಆಟ. ಸತ್ತ ಡ್ರೈವರನ್ನು ಬಿಚ್ಚಿಸಿ ನೋಡಿ. ಬಿಲ್ಲೆಯಂಥ ವೇರಿಸ್ಟರ್ ಒಡೆದು ಕರಿಯಾಗಿದ್ದರೆ ಇಲ್ಲವೇ ದೊಡ್ಡ ಕೆಪಾಸಿಟರಿನ ತಲೆ ಉಬ್ಬಿದ್ದರೆ, ಹೆಚ್ಚು ವೋಲ್ಟೇಜೇ ಕಾರಣ.

ಇಲ್ಲಿ ಎಂಸಿಬಿ ಕೆಲಸಕ್ಕೆ ಬಾರದು, ಅದು ನೋಡುವುದು ಆಂಪಿಯರನ್ನು. ಆರ್‌ಸಿಸಿಬಿ ಎಂಬ ಸ್ವಿಚ್ ನೋಡುವುದು ಕರೆಂಟಿನ ಸೋರಿಕೆಯನ್ನು. ಸಾಧಾರಣ ಸ್ಟೆಬಿಲೈಸರ್ 350 ವೋಲ್ಟಿಗೆ ತಾನೇ ಸುಡಬಹುದು. ಬೇಕಾಗಿರುವುದು ಡಿಬಿಯಲ್ಲಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯಲ್ಲಿ, ಕೂರುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಮೇಲಿನ ಮಿತಿ 265, ಕೆಳಗಿನದು 150, ಕರೆಂಟು ಸರಿಹೋದ ಮೇಲೆ ಮತ್ತೆ ಹಚ್ಚಲು 120ರಿಂದ 180 ಸೆಕೆಂಡಿನ ತಡ, ಇಷ್ಟು ಹೊಂದಿಸಿ. ತ್ರೀಫೇಸಿಗೆ ಪ್ರತಿ ಫೇಸನ್ನೂ ಕಾಯುವಂಥದ್ದೇ ಆಗಬೇಕು. ಮತ್ತೆ ಝಗ್ಗೆಂದರೆ ಮೊದಲು ಮೇನ್ ಸ್ವಿಚ್ ಇಳಿಸಿ, ಆಮೇಲೆ ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮ್ಯಾನಿಗೆ ‘ನ್ಯೂಟ್ರಲ್ ಕಟ್ಟಾಗಿದೆ’ ಎಂದೇ ಹೇಳಿ. ಬರೀ ‘ಕರೆಂಟು ಸರಿಯಿಲ್ಲ’ ಎಂದರೆ ನಿಮ್ಮ ದೂರು ಉಳಿದವರ ಸಾಲಿನಲ್ಲಿ ಕೊನೆಗೆ ಹೋಗುತ್ತದೆ.

ದೀಪ ಎಸೆಯಬೇಡಿ. ಡ್ರೈವರ್ ಒಂದನ್ನೇ ಬದಲಿಸಬಹುದು. ಹೊಸದರ ಔಟ್‌ಪುಟ್ ಮಿಲಿಆಂಪಿಯರ್ ಹಳೆಯದರಷ್ಟೇ ಇರಬೇಕು, ಔಟ್‌ಪುಟ್ ವೋಲ್ಟಿನ ಹರವು ಹಳೆಯದನ್ನು ಒಳಗೊಳ್ಳಬೇಕು. ವ್ಯಾಟ್ ಒಂದನ್ನೇ ನೋಡಿ ತಂದರೆ ಎಲ್‌ಇಡಿ ಪಟ್ಟಿಯೂ ಹೋಗುತ್ತದೆ.

ದೀಪದ ಅಲ್ಯೂಮಿನಿಯಂ ಚೌಕಟ್ಟು ಮುಟ್ಟಿದರೆ ಜುಮ್ಮೆನ್ನುತ್ತದೆ. ಮಳೆಗಾಲದಲ್ಲಿ ಜಾಸ್ತಿ.
– ಗೋಣಿಕೊಪ್ಪ

ಅರ್ತ್ ಸಿಕ್ಕಿಲ್ಲ. ಡ್ರೈವರಿನೊಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಚೌಕಟ್ಟಿಗೆ ಒಂದಿಷ್ಟು ಕರೆಂಟು ಸದಾ ಸೋರುತ್ತಿರುತ್ತದೆ, ಅರ್ತ್ ಇದ್ದರೆ ಅದು ಸದ್ದಿಲ್ಲದೆ ನೆಲಕ್ಕೆ ಇಳಿಯುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಾಗ ದಾರಿ ನಿಮ್ಮ ಮೈಯೇ. ಪ್ಲಗ್ ಕಿತ್ತಿಡಿ, ಸರಿಪಡಿಸುವವರೆಗೆ ಹಚ್ಚಬೇಡಿ. ಜುಮ್ಮಿನ ಹಿಂದೆ ನಿಜವಾದ ಇನ್ಸುಲೇಶನ್ ದೋಷವೂ ಅಡಗಿರಬಹುದು. ಎಲೆಕ್ಟ್ರಿಷಿಯನ್ ಪ್ಲಗ್ಗಿನ ದಪ್ಪ ಪಿನ್ನಿಗೂ ಚೌಕಟ್ಟಿಗೂ ಮೀಟರಿನಲ್ಲಿ ಸಂಪರ್ಕ ನೋಡಲಿ, ಆಮೇಲೆ ಸಾಕೆಟ್ಟಿನಿಂದ ಅರ್ತ್ ಗುಂಡಿಯವರೆಗೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಸಸಿಮನೆಯಲ್ಲಿ ಯಾವ ದೀಪವೂ ಬೇಡ. ಡ್ರೈವರನ್ನು ನೀರು ಸಿಡಿಯದ ಎತ್ತರದಲ್ಲಿ ಹಾಕಿ. ವಯರು ಸಾಕೆಟ್ಟಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಕರೆಂಟು ಹೋದಾಗ ಮನೆಯ ಇನ್ವರ್ಟರಿನಲ್ಲಿ ಹಚ್ಚಬಹುದೇ? ಬಿಲ್ಲು ಎಷ್ಟು ಬಂದೀತು?
– ಸೋಮವಾರಪೇಟೆ

ಸೈನ್‌ವೇವ್ ಇನ್ವರ್ಟರಾದರೆ ತೊಂದರೆಯಿಲ್ಲ. ಸ್ಕ್ವೇರ್‌ವೇವ್‌ನಲ್ಲಿ ಡ್ರೈವರ್ ಬಿಸಿಯಾಗುತ್ತದೆ, ಬೇಡ. 12 ವೋಲ್ಟ್ 150 ಆಂಪಿಯರ್ ಅವರ್ ಬ್ಯಾಟರಿ 200 ವ್ಯಾಟಿನ ದೀಪವನ್ನು ಸುಮಾರು ಐದು ಗಂಟೆ ಎಳೆದೀತು, ಆಮೇಲೆ ಮನೆಮಂದಿ ಕತ್ತಲಲ್ಲಿ. ಗಿಡ ಒಂದು ಸಂಜೆ ಕತ್ತಲಲ್ಲಿದ್ದರೆ ಏನೂ ಆಗದು. ಜನರೇಟರಾದರೆ ಚಾಲೂ ಮಾಡಿ, ಓಟ ಹದಕ್ಕೆ ಬಂದ ಮೇಲೆ ದೀಪದ ಸ್ವಿಚ್ ಹಾಕಿ.

ಬಿಲ್ಲಿಗೆ ಡಬ್ಬದ ಮೇಲಿನ ದಪ್ಪಕ್ಷರದ ‘1000 ವ್ಯಾಟ್’ ನಂಬಬೇಡಿ, ಅದು ಮಾರುವವರ ಲೆಕ್ಕ. ದೀಪ ಎಳೆಯುವ ವ್ಯಾಟನ್ನು ಚೀಟಿಯಲ್ಲಿ ಬೇರೆಯಾಗಿ ಬರೆದಿರುತ್ತಾರೆ. 240 ವ್ಯಾಟ್ ಎಂದಿದ್ದರೆ, ದಿನಕ್ಕೆ 12 ಗಂಟೆಗೆ 2.88 ಯೂನಿಟ್, ತಿಂಗಳಿಗೆ ಸುಮಾರು 86. ಗೃಹಜ್ಯೋತಿ ಇರುವ ಮನೆಯಾದರೆ ಒಟ್ಟು 200 ದಾಟುತ್ತದೆಯೇ ಎಂದು ಮೊದಲೇ ಕೂಡಿ ನೋಡಿ. ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೂ ಕಟ್ಟಬೇಕು.