ಗೋಡೆಗೆ ಪುಟ್ಟಿ ಆಮೇಲೆ, ಮೊದಲು ಆ ಹೂವಿನ ಪಾತಿ ತೆಗೆಸಿ

ಮೇಡಂ, ಹಾಲ್ ಗೋಡೆಯ ಬುಡದಲ್ಲಿ ಎರಡಡಿ ಎತ್ತರಕ್ಕೆ ಪೇಂಟ್ ಉಬ್ಬಿ ಉದುರುತ್ತಿದೆ, ಗೌರಿ ಹಬ್ಬದೊಳಗೆ ಕೆರೆಸಿ ಮತ್ತೆ ಪುಟ್ಟಿ ಹಾಕಿಸಬೇಕು, ತೇವ ತಡೆಯಲು ಬಳಿಯುವ ಡ್ಯಾಂಪ್ ಪ್ರೂಫ್ ಯಾವ ಕಂಪನಿಯದು ಒಳ್ಳೆಯದು ಅಂತ ನಮ್ಮ ಗುಂಪಿನಲ್ಲಿ ಕೇಳಿದ್ದೀರಿ. ದಯವಿಟ್ಟು ಕೆಲಸ ನಿಲ್ಲಿಸಿ. ನಿಮ್ಮ ಎರಡನೇ ಫೋಟೋ ನೋಡಿ. ಅದೇ ಗೋಡೆಯ ಹೊರಗೆ ದಾಸವಾಳದ ಪಾತಿ ಇದೆ, ಅದರ ಮಣ್ಣು ಒಳಗಿನ ನೆಲಕ್ಕಿಂತ ಮೇಲಿದೆ. ತೊಂದರೆ ಇರುವುದು ಅಲ್ಲಿ, ಆ ಮಣ್ಣಿನ ನೀರನ್ನು ಗೋಡೆ ಹೀರುತ್ತಿದೆ.

ಸಾಗರದ ನಮ್ಮ ಹಳೇ ಮನೆಯಲ್ಲಿ ನಾನೂ ಇದೇ ತಪ್ಪು ಮಾಡಿದೆ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ, ಹೊರಗೆ ಅತ್ತೆ ಬೆಳೆಸಿದ ಕ್ರೋಟನ್ ಸಾಲು, ದಿನಾ ಎರಡು ಕೊಡ ನೀರು. ನಾಲ್ಕು ವರ್ಷದಲ್ಲಿ ಮೂರು ಸಲ ಪುಟ್ಟಿ ಹಾಕಿಸಿದೆ. ಮೂರನೇ ಸಲ ಮೇಸ್ತ್ರಿ ಮಾತು ಕೇಳಿ ಮೂರಡಿ ಎತ್ತರಕ್ಕೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆ. ಮುಂದಿನ ಮಳೆಗಾಲಕ್ಕೆ ತೇವ ಆ ಪ್ಲಾಸ್ಟರ್ ದಾಟಿ ನಾಲ್ಕೂವರೆ ಅಡಿಗೆ ಏರಿತು, ದೇವರ ಫೋಟೋ ಚೌಕಟ್ಟಿಗೆಲ್ಲ ಬೂಷ್ಟು ಹಿಡಿಯಿತು. ಗೋಡೆ ಒಳಗಿನ ನೀರು ಎಲ್ಲಾದರೂ ಆರಲೇಬೇಕು. ದಾರಿ ಮುಚ್ಚಿದರೆ ಮೇಲಕ್ಕೆ ಏರುತ್ತದೆ, ಅಷ್ಟೇ.

ಆಮೇಲೆ ಮಾಡಿಸಿದ್ದು ಹೇಳುತ್ತೇನೆ. ಗಿಡ ಕಿತ್ತು, ಮಣ್ಣನ್ನು ಒಳನೆಲಕ್ಕಿಂತ ಆರಿಂಚು ಕೆಳಗೆ ಇಳಿಸಿದೆವು. ಗೋಡೆ ಪಕ್ಕ ಒಂದೂವರೆ ಅಡಿ ಅಗಲಕ್ಕೆ ಜಲ್ಲಿ, ಅಂಗಳದ ಕಡೆಗೆ ಇಳಿಜಾರು. ಪಾಯದ ಬುಡ ಮಾತ್ರ ಅಗೆಯಬೇಡಿ. ಗೋಡೆಗೆ ತಾಗಿಸಿ ಕಾಂಕ್ರೀಟ್ ಹಾಕಿಸುವುದೂ ಬೇಡ, ನೆಲದಡಿಯ ತೇವ ಆರಲು ಜಾಗ ಸಿಗಲ್ಲ. ಮಾಡಿನ ಅಂಚಿಗೆ ಮಳೆನೀರು ಹಿಡಿಯುವ ಪಿವಿಸಿ ದೋಣಿ ಕಟ್ಟಿಸಿದೆವು. ಹಂಚಿನಿಂದ ಬಿದ್ದ ನೀರು ಸಿಡಿದೇ ಗೋಡೆ ಅರ್ಧ ನೆನೆಯುತ್ತಿತ್ತು.

ಒಳಗೆ, ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಪ್ಲಾಸ್ಟರ್ ಕೆತ್ತಿಸಿ, ಇಡೀ ಬೇಸಿಗೆ ಹಾಗೇ ಬಿಟ್ಟೆವು. ನೆಂಟರು ಏನಾದರೂ ಅನ್ನಲಿ ಬಿಡಿ. ಗೋಡೆ ಆರುವಾಗ ಮೇಲೆ ಬರುವ ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ಗುಡಿಸಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಗೇ ಹೋಗುತ್ತದೆ. ಕೊನೆಗೆ ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಮರಳಿನ ಗಾರೆ, ತೆಳುವಾಗಿ ಎರಡು ಸಲ. ಒಂದು ವಾರ ದಿನಾ ನೀರು ಚಿಮುಕಿಸಿ. ಮೇಲೆ ಸುಣ್ಣವೇ ಬಳಿಯಿರಿ, ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಪಟ್ಟ ಕಷ್ಟವೆಲ್ಲ ದಂಡ. ಸುಣ್ಣ ಕನಿಷ್ಠ ಹದಿನೈದು ದಿನ ನೀರಲ್ಲಿ ನೆನೆದಿರಲಿ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಷ್ಟ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಇದು ಹಳೇ ಇಟ್ಟಿಗೆ, ಜಂಬಿಟ್ಟಿಗೆ, ಮಣ್ಣಿನ ಗೋಡೆಗಳ ಮಾತು. ನಿಮ್ಮದು ಸಿಮೆಂಟ್ ಬ್ಲಾಕ್ ಆದರೆ ಸುಣ್ಣ ಬೇಕಿಲ್ಲ, ಆದರೆ ಪಾತಿ ತೆಗೆಯಲೇಬೇಕು. ಗೋಡೆಯ ಆಚೆ ಬಚ್ಚಲಿದ್ದರೆ ಪೈಪ್ ಸೋರುತ್ತಿದೆಯಾ ನೋಡಿ. ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೂ ನೀರು ತುಂಬುತ್ತಿಲ್ಲದಾಗ ನೀರಿನ ಮೀಟರ್ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿರಬಹುದು. ಅನುಮಾನ ಇದ್ದರೆ ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹನಿ ಒಳಬದಿಯಲ್ಲಿದ್ದರೆ ನೀರು ಗೋಡೆಯದ್ದು. ಹೊರಬದಿಯಲ್ಲಿದ್ದರೆ ಕೋಣೆಯ ಗಾಳಿಯದ್ದು, ಕಿಟಕಿ ತೆರೆದಿಟ್ಟು ಗಾಳಿ ಆಡಿಸಿ.

ಕಂಪನಿ ಕೇಳಿದ್ದೀರಲ್ಲ, ಡಾಕ್ಟರ್ ಫಿಕ್ಸಿಟ್ ಆಗಲಿ, ಏಷ್ಯನ್ ಪೇಂಟ್ಸ್ ಆಗಲಿ, ತಾರಸಿಗೆ ನಾನೂ ಹಾಕಿಸಿದ್ದೇನೆ, ಚೆನ್ನಾಗಿವೆ. ಆದರೆ ಬುಡದಿಂದ ಏರುವ ನೀರಿಗೆ ಒಳಗಿನಿಂದ ಬಳಿದು ಉಪಯೋಗವಿಲ್ಲ. ಒದ್ದೆ ಗೋಡೆಗೆ ಪುಟ್ಟಿ ಹಾಕಿ ಅನ್ನುವ ಪೇಂಟರ್ ಮಾತು ಕೇಳಲೇಬೇಡಿ. ಈ ಗುಂಪಿನಲ್ಲೇ ಎಷ್ಟು ಜನ ಹೀಗೆ ದುಡ್ಡು ಕಳೆದರು!

ಹಬ್ಬಕ್ಕೆ ಸುಮ್ನೆ ಸೋಫಾವನ್ನು ಗೋಡೆಯಿಂದ ನಾಲ್ಕಿಂಚು ಈಚೆ ಎಳೆದಿಡಿ, ಗಾಳಿ ಆಡಲಿ. ನಿಮ್ಮ ರೆಡ್ ಆಕ್ಸೈಡ್ ನೆಲ ತುಂಬ ಚೆನ್ನಾಗಿದೆ. ಅದಕ್ಕೆ ಆಸಿಡ್ ತೋರಿಸಬೇಡಿ, ಬಣ್ಣ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ. ಜಾಸ್ತಿ ಹಾಕಿದರೆ ಜಾರುತ್ತದೆ, ಹುಷಾರು.

ದಾಸವಾಳ ಬಿಸಾಡಬೇಡಿ ಮತ್ತೆ. ಈಗ ಮಳೆ ಇದೆ, ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿ, ಬೇರಿನ ಮಣ್ಣಿನ ಸಮೇತ ಎತ್ತಿ, ಕಾಂಪೌಂಡ್ ಪಕ್ಕ ನೆಡಿ. ಕತ್ತರಿಸಿದ ಕಡ್ಡಿಗಳನ್ನೂ ಅಲ್ಲೇ ಚುಚ್ಚಿ, ಅರ್ಧವಾದರೂ ಚಿಗುರುತ್ತವೆ.