ಅಪ್‌ಗ್ರೇಡ್ ಆದ ಮೇಲೆ ಲೈಟ್‌ರೂಮ್ ಕ್ಲಾಸಿಕ್ ನಿಧಾನ: ಏನನ್ನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು?

ನಿಮ್ಮ ಪ್ರಶ್ನೆ ಇದು: ಅಡೋಬಿಯ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಡೆವಲಪ್‌ನಲ್ಲಿ (ಎಡಿಟ್ ಮಾಡುವ ಭಾಗ) ಸ್ಲೈಡರ್ ಎಳೆದರೆ ಫೋಟೋ ಒಂದೆರಡು ಸೆಕೆಂಡ್ ಬಿಟ್ಟು ಬದಲಾಗುತ್ತದೆ, ಬ್ರಷ್ ಆಡಿಸಿದರೆ ಗುರುತು ಆಮೇಲೆ ಮೂಡುತ್ತದೆ. ವಿಂಡೋಸ್ ಲ್ಯಾಪ್‌ಟಾಪ್, 16 ಜಿಬಿ ರ‍್ಯಾಮ್, 4 ಜಿಬಿ ಎನ್‌ವಿಡಿಯಾ ಕಾರ್ಡ್, ಹೊರಗೆ ಒಂದು 4ಕೆ ಮಾನಿಟರ್, ಕ್ಯಾಟಲಾಗ್‌ನಲ್ಲಿ (ಫೋಟೋಗಳ ಪಟ್ಟಿ, ಎಡಿಟ್‌ಗಳ ದಾಖಲೆ ಇರುವ ಫೈಲ್) ಸುಮಾರು 60,000 ಮದುವೆ ಫೋಟೋ. ರ‍್ಯಾಮ್ ಹೆಚ್ಚಿಸಬೇಕೇ, ಲ್ಯಾಪ್‌ಟಾಪ್ ಬದಲಿಸಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನೀವು ಬರೆದ ಲಕ್ಷಣ ನೋಡಿದರೆ ನನ್ನ ಅನುಮಾನ ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ ಮತ್ತು ಡ್ರೈವರ್ (ಕಾರ್ಡ್ ಅನ್ನು ವಿಂಡೋಸ್‌ಗೆ ಜೋಡಿಸುವ ಸಾಫ್ಟ್‌ವೇರ್) ಮೇಲೆ. ಆದರೆ ದುಡ್ಡು ಖರ್ಚು ಮಾಡುವ ಮೊದಲು ಅದನ್ನು ಖಚಿತ ಮಾಡಿಕೊಳ್ಳೋಣ.

ಅಪ್‌ಗ್ರೇಡ್ ಆದ ಮೊದಲ ದಿನದ ನಿಧಾನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ದೊಡ್ಡ ಆವೃತ್ತಿ ಬದಲಾದಾಗ ಲೈಟ್‌ರೂಮ್ ಹಳೆಯ ಕ್ಯಾಟಲಾಗ್ ಅನ್ನು ಹಾಗೇ ಬಿಟ್ಟು, ಹೊಸ ಮಾದರಿಯ ಇನ್ನೊಂದು ಕ್ಯಾಟಲಾಗ್ ತಯಾರಿಸುತ್ತದೆ. ಅದಾದ ಮೇಲೂ ಮುಖ ಗುರುತಿಸುವುದು, ವಿಳಾಸ ಹುಡುಕುವುದು, ಸಿಂಕ್, ಪ್ರಿವ್ಯೂ (ಫೋಟೋ ಬೇಗ ತೋರಿಸಲು ಮಾಡಿಟ್ಟುಕೊಳ್ಳುವ ಪ್ರತಿ) ಕಟ್ಟುವುದು ಎಲ್ಲ ಹಿಂದಿನಿಂದ ನಡೆದಿರಬಹುದು. ಎಡ ಮೇಲ್ಮೂಲೆಯಲ್ಲಿ ಲೈಟ್‌ರೂಮ್ ಎಂದು ಹೆಸರಿರುವ ಜಾಗ ಒತ್ತಿದರೆ ಆ ಕೆಲಸಗಳ ಪಟ್ಟಿ ಕಾಣುತ್ತದೆ. ಮುಖ ಗುರುತಿಸುವುದನ್ನೂ ವಿಳಾಸ ಹುಡುಕುವುದನ್ನೂ ಅಲ್ಲೇ ನಿಲ್ಲಿಸಿ. ಪ್ರಿವ್ಯೂ ಕೆಲಸ ಇದ್ದರೆ ಒಂದು ರಾತ್ರಿ ಚಾರ್ಜರ್ ಹಾಕಿ ಬಿಟ್ಟು, ಬೆಳಿಗ್ಗೆ ನೋಡಿ. ಬ್ಯಾಟರಿ ಮೇಲೆ ಓಡಿಸಿ ವೇಗ ಅಳೆಯಬೇಡಿ. ಚಾರ್ಜರ್ ಇಲ್ಲದಾಗ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಕಾರ್ಡ್‌ನ ಶಕ್ತಿಯನ್ನು ತಾವೇ ತಗ್ಗಿಸುತ್ತವೆ.

ಇನ್ನು ನಿಧಾನ ಎಲ್ಲಿದೆ ಎನ್ನುವುದು. ಲೈಬ್ರರಿಯಲ್ಲಿ ಒಂದು ಫೋಟೋದಿಂದ ಮುಂದಿನದಕ್ಕೆ ಹೋಗುವಾಗ ತಡವಾದರೆ ಅದು ಪ್ರಿವ್ಯೂ ಅಥವಾ ಡಿಸ್ಕ್‌ನ ವಿಷಯ. ಡೆವಲಪ್‌ನಲ್ಲಿ ಸ್ಲೈಡರ್, ಬ್ರಷ್ ತಡವಾದರೆ ಗ್ರಾಫಿಕ್ಸ್ ಕಾರ್ಡ್ ಅಥವಾ ಆ ಫೋಟೋದ ಮೇಲೆ ಹೇರಿರುವ ಎಡಿಟ್‌ಗಳ ವಿಷಯ. ಏನೂ ಎಡಿಟ್ ಮಾಡದ ಒಂದು ರಾ (ಕ್ಯಾಮೆರಾ ಕೊಟ್ಟ ಮೂಲ) ಫೋಟೋ ತೆಗೆದು ಎಕ್ಸ್‌ಪೋಶರ್ ಎಳೆದು ನೋಡಿ. ಅದು ಸಲೀಸಾಗಿ ಓಡಿ, ಎಡಿಟ್ ಮಾಡಿದ ಫೋಟೋ ಮಾತ್ರ ಎಳೆದಾಡಿದರೆ ಯಂತ್ರದಲ್ಲಿ ದೋಷವಿಲ್ಲ, ಮಾಸ್ಕ್‌ಗಳ (ಫೋಟೋದ ಒಂದು ಭಾಗಕ್ಕೆ ಮಾತ್ರ ಮಾಡುವ ಎಡಿಟ್) ಭಾರ ಅಷ್ಟೆ. ಹೊಸ ಫೋಟೋವೂ ತಡವರಿಸಿದರೆ ಕಾರ್ಡ್ ಕಡೆ ಹೋಗಿ.

ಹೆಲ್ಪ್ ಮೆನುವಿನಲ್ಲಿ ಸಿಸ್ಟಮ್ ಇನ್ಫೋ ತೆರೆಯಿರಿ. ಅಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಎಂದಿರುವ ಕಡೆ ನಿಮ್ಮ ಎನ್‌ವಿಡಿಯಾ ಕಾರ್ಡ್‌ನ ಹೆಸರೇ ಇದೆಯೇ, ಇಂಟೆಲ್ ಹೆಸರಿದೆಯೇ ನೋಡಿ. ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಇರುವುದರಿಂದ ಅಪ್‌ಗ್ರೇಡ್ ಆದಾಗ ಲೈಟ್‌ರೂಮ್ ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸ್‌ಗೆ ಅಂಟಿಕೊಂಡಿರಬಹುದು. ಹಾಗಿದ್ದರೆ ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ, ಪಟ್ಟಿಗೆ ಲೈಟ್‌ರೂಮ್ ಸೇರಿಸಿ, ಹೈ ಪರ್ಫಾರ್ಮೆನ್ಸ್ ಆರಿಸಿ. ಮಾನಿಟರ್ ಕೇಬಲ್ ಯಾವ ಪೋರ್ಟ್‌ಗೆ ಹೋಗಿದೆ ಎನ್ನುವುದನ್ನೂ ಗಮನಿಸಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಪೋರ್ಟ್ ಎನ್‌ವಿಡಿಯಾಗೆ ನೇರ, ಇನ್ನೊಂದು ಇಂಟೆಲ್ ಮೂಲಕ ಸುತ್ತಿ ಬರುತ್ತದೆ.

ಆಮೇಲೆ ಎಡಿಟ್, ಪ್ರೆಫರೆನ್ಸಸ್, ಪರ್ಫಾರ್ಮೆನ್ಸ್. ಯೂಸ್ ಗ್ರಾಫಿಕ್ಸ್ ಪ್ರೊಸೆಸರ್ ಎನ್ನುವುದರಲ್ಲಿ ಆಟೋ, ಕಸ್ಟಮ್, ಆಫ್ ಎಂದು ಮೂರಿವೆ. ಆಫ್ ಮಾಡಿ, ಲೈಟ್‌ರೂಮ್ ಮುಚ್ಚಿ ತೆರೆದು ಅದೇ ಫೋಟೋದಲ್ಲಿ ಅದೇ ಸ್ಲೈಡರ್ ಎಳೆಯಿರಿ. ಆಫ್ ಮಾಡಿದಾಗಲೇ ವೇಗ ಹೆಚ್ಚಾದರೆ ಡ್ರೈವರ್ ಸರಿಯಿಲ್ಲ, ಇಲ್ಲವೇ ಕಾರ್ಡ್‌ನ ಮೆಮೊರಿ ಸಾಲುತ್ತಿಲ್ಲ. ಯಾವುದು ಎನ್ನುವುದನ್ನು ಟಾಸ್ಕ್ ಮ್ಯಾನೇಜರ್ ಹೇಳುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್‌ನಲ್ಲಿ ಎನ್‌ವಿಡಿಯಾ ಜಿಪಿಯು ಆರಿಸಿ, ಗ್ರಾಫಿಕ್ಸ್ ಮತ್ತೆ ಆಟೋಗೆ ಹಾಕಿಕೊಂಡು ಬ್ರಷ್ ಆಡಿಸಿ. ಡೆಡಿಕೇಟೆಡ್ ಮೆಮೊರಿ 4 ಜಿಬಿಯ ಅಂಚಿಗೆ ಏರಿ, ಶೇರ್ಡ್ ಮೆಮೊರಿ ಏರುತ್ತಾ ಹೋದರೆ ಕಾರ್ಡ್‌ನಲ್ಲಿ ಜಾಗ ಮುಗಿದು ಸಾಮಾನ್ಯ ರ‍್ಯಾಮ್ ಬಳಕೆಯಾಗುತ್ತಿದೆ ಎಂದರ್ಥ. ಅದು ಕಾರ್ಡ್‌ನ ಸ್ವಂತ ಮೆಮೊರಿಗಿಂತ ಬಹಳ ನಿಧಾನ. ನಿಮಗೆ ಕಾಣುವ ಒಂದೆರಡು ಸೆಕೆಂಡ್ ತಡ ಬಹುತೇಕ ಅಲ್ಲಿಂದಲೇ ಬರುತ್ತದೆ.

ಹಾಗಾಗಿದ್ದರೆ ಕಸ್ಟಮ್ ಆರಿಸಿ, ಡಿಸ್‌ಪ್ಲೇಗೆ ಟಿಕ್ ಇರಲಿ, ಇಮೇಜ್ ಪ್ರೊಸೆಸಿಂಗ್ ಟಿಕ್ ತೆಗೆದು ನೋಡಿ. 4ಕೆ ಮಾನಿಟರ್‌ನ ಭಾರವನ್ನು ಮರೆಯಬೇಡಿ: 3840×2160 ಎಂದರೆ ಸುಮಾರು 83 ಲಕ್ಷ ಪಿಕ್ಸೆಲ್, ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಪ್ರತಿ ಸ್ಲೈಡರ್ ಚಲನೆಗೂ ಅಷ್ಟನ್ನೂ ಮತ್ತೆ ಬಿಡಿಸಬೇಕು. ಲೈಟ್‌ರೂಮ್ ಕಿಟಕಿಯನ್ನು ಪರದೆಯ ಅರ್ಧಕ್ಕೆ ಕುಗ್ಗಿಸಿದಾಗ ಸ್ಲೈಡರ್ ಹಗುರಾದರೆ ನಿಮಗೆ ಉತ್ತರ ಸಿಕ್ಕಿತು. ಸೆಕೆಂಡರಿ ಡಿಸ್‌ಪ್ಲೇ ಕಿಟಕಿ ತೆರೆದಿದ್ದರೆ ಎಡಿಟ್ ಮಾಡುವಾಗ ಮುಚ್ಚಿಬಿಡಿ. ಬ್ರೌಸರ್‌ನಲ್ಲಿ ವಿಡಿಯೋ ಓಡುತ್ತಿದ್ದರೆ ಅದೂ ಇದೇ ಕಾರ್ಡ್‌ನ ಮೆಮೊರಿ ತಿನ್ನಬಹುದು.

ಮೆಮೊರಿ ತುಂಬದೆಯೂ ತಡವಾದರೆ ಡ್ರೈವರ್ ಬದಲಿಸಿ. ವಿಂಡೋಸ್ ಅಪ್‌ಡೇಟ್ ಕೊಡುವುದನ್ನು ನೆಚ್ಚಿಕೊಳ್ಳದೆ ಎನ್‌ವಿಡಿಯಾದ ತಾಣದಿಂದಲೇ ಇಳಿಸಿಕೊಳ್ಳಿ. ಗೇಮ್ ರೆಡಿ, ಸ್ಟುಡಿಯೋ ಎಂದು ಎರಡು ಬಗೆ ಇವೆ. ನಮಗೆ ಬೇಕಾದ್ದು ಸ್ಟುಡಿಯೋ. ಹಾಕುವಾಗ ಕಸ್ಟಮ್ ಆರಿಸಿ, ಕ್ಲೀನ್ ಇನ್‌ಸ್ಟಾಲೇಶನ್‌ಗೆ ಟಿಕ್ ಮಾಡಿ, ಮುಗಿದ ಮೇಲೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಆಮೇಲೆ ಗ್ರಾಫಿಕ್ಸ್ ಅನ್ನು ಆಟೋಗೆ ತಂದು ಮತ್ತೆ ಪರೀಕ್ಷಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಸರಿಹೋದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಈಗ ಮಾಸ್ಕ್ ವಿಷಯ. ಜನ ಸಾಫ್ಟ್‌ವೇರ್ ಅನ್ನು ಬೈಯುವಾಗ ಇದನ್ನು ಗಮನಿಸುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಮಾಸ್ಕಿಂಗ್ ಪೂರ್ತಿ ಹೊಸದಾಯಿತು, ಸಬ್ಜೆಕ್ಟ್, ಸ್ಕೈ ತಾನೇ ಗುರುತಿಸುವುದು ಬಂತು. 2023ರ ಏಪ್ರಿಲ್‌ನಲ್ಲಿ ಎಐ ಡಿನಾಯ್ಸ್ (ಕಾಳುಕಾಳಾಗಿ ಕಾಣುವ ನಾಯ್ಸ್ ತೆಗೆಯುವುದು) ಬಂತು. ಅಪ್‌ಗ್ರೇಡ್ ಮಾಡಿದವರು ಹೊಸ ಸೌಲಭ್ಯ ಬಳಸಲು ಶುರು ಮಾಡುತ್ತಾರೆ, ಹಾಗಾಗಿ ಕೆಲಸದ ತೂಕವೇ ಹೆಚ್ಚಾಗಿರುತ್ತದೆ. ಧಾರೆಯ ಒಂದು ಫೋಟೋ ತೆಗೆದುಕೊಳ್ಳಿ: ಮದುಮಗಳ ಮುಖಕ್ಕೆ ಒಂದು ಮಾಸ್ಕ್, ಸೀರೆಯ ಜರಿಗೆ ಒಂದು, ಹಿಂದಿನ ಮಂಟಪದ ದೀಪ ತಗ್ಗಿಸಲು ಒಂದು, ಮೇಲೆ ಇಪ್ಪತ್ತು ಕಡೆ ಹೀಲಿಂಗ್ (ಕಲೆ ಅಳಿಸುವುದು). ಇಷ್ಟಾದ ಮೇಲೆ ವೈಟ್ ಬ್ಯಾಲೆನ್ಸ್ ಮುಟ್ಟಿದರೆ ಅಷ್ಟನ್ನೂ ಮತ್ತೆ ಲೆಕ್ಕ ಹಾಕಬೇಕು. ಆದ್ದರಿಂದ ಕ್ರಮ ಮುಖ್ಯ: ಮೊದಲು ಹೀಲಿಂಗ್, ಆಮೇಲೆ ಲೆನ್ಸ್ ಕರೆಕ್ಷನ್ ಮತ್ತು ಓರೆ ಸರಿಪಡಿಸುವುದು, ನಂತರ ಬಣ್ಣ ಮತ್ತು ಬೆಳಕು, ಕೊನೆಗೆ ಮಾಸ್ಕ್, ಶಾರ್ಪನಿಂಗ್, ನಾಯ್ಸ್. ಒಂದೇ ಫೋಟೋದಲ್ಲಿ ನೂರಾರು ಹೀಲಿಂಗ್ ಬೇಕಾದರೆ ಅದನ್ನು ಫೋಟೋಶಾಪ್‌ನಲ್ಲಿ ಮಾಡುವುದೇ ಸರಿ. ಪ್ರಿಸೆಟ್ (ಉಳಿಸಿಟ್ಟ ಎಡಿಟ್ ಸೆಟ್ಟಿಂಗ್) ಒಳಗೆ ಎಐ ಮಾಸ್ಕ್ ಇಟ್ಟು 800 ಫೋಟೋಗೆ ಒಟ್ಟಿಗೆ ಸಿಂಕ್ ಮಾಡಿದರೆ ಪ್ರತಿ ಫೋಟೋಗೂ ಆ ಲೆಕ್ಕ ಬೇರೆಯೇ ನಡೆಯಬೇಕು. ಅದು ಮುಗಿಯುವ ತನಕ ಬೇರೆ ಕೆಲಸ ಹಿಡಿಯಬೇಡಿ.

ಎಡಿಟ್ ತಕ್ಷಣ ಹಗುರಾಗಬೇಕು ಎಂದರೆ ಸ್ಮಾರ್ಟ್ ಪ್ರಿವ್ಯೂ (ಎಡಿಟ್ ಮಾಡಬಹುದಾದ ಸಣ್ಣ ಪ್ರತಿ) ಒಳ್ಳೆಯ ದಾರಿ. ಅದರ ಉದ್ದದ ಬದಿ 2560 ಪಿಕ್ಸೆಲ್, 24 ಮೆಗಾಪಿಕ್ಸೆಲ್ ಫೋಟೋದ ಐದನೇ ಒಂದು ಭಾಗಕ್ಕಿಂತ ಕಡಿಮೆ ಪಿಕ್ಸೆಲ್. ಲೈಬ್ರರಿಯಲ್ಲಿ ಆ ಮದುವೆಯ ಫೋಟೋಗಳನ್ನೆಲ್ಲ ಆರಿಸಿ, ಲೈಬ್ರರಿ ಮೆನುವಿನ ಪ್ರಿವ್ಯೂಸ್‌ನಿಂದ ಸ್ಮಾರ್ಟ್ ಪ್ರಿವ್ಯೂ ಕಟ್ಟಿಸಿ. ಬಳಿಕ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಮೂಲ ಫೋಟೋ ಬದಲು ಸ್ಮಾರ್ಟ್ ಪ್ರಿವ್ಯೂ ಬಳಸುವ ಸಾಲಿಗೆ ಟಿಕ್ ಹಾಕಿ. ಎಕ್ಸ್‌ಪೋರ್ಟ್ ಪೂರ್ಣ ಗುಣಮಟ್ಟದಲ್ಲೇ ಆಗುತ್ತದೆ. ಶಾರ್ಪನಿಂಗ್, ನಾಯ್ಸ್ ನಿರ್ಧರಿಸುವಾಗ ಮಾತ್ರ ಆ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಕಣ್ಣಿಗೆ ಕಾಣುವುದು ನಿಜವಲ್ಲ.

ಡಿಸ್ಕ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಟಲಾಗ್, ಪ್ರಿವ್ಯೂ, ಕ್ಯಾಮೆರಾ ರಾ ಕ್ಯಾಶ್ (ರಾ ಫೋಟೋ ಬೇಗ ತೆರೆಯಲು ಇಟ್ಟುಕೊಳ್ಳುವ ತಾತ್ಕಾಲಿಕ ಮಾಹಿತಿ) ಮೂರೂ ಒಳಗಿನ ಎಸ್‌ಎಸ್‌ಡಿಯಲ್ಲಿರಲಿ; ರಾ ಫೋಟೋಗಳು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿದ್ದರೂ ನಡೆಯುತ್ತದೆ. ಕ್ಯಾಶ್ ಮಿತಿಯನ್ನು 20 ಜಿಬಿಗೆ ಏರಿಸಿ, ಅಪ್‌ಗ್ರೇಡ್ ಆದ ಮೇಲೆ ಒಮ್ಮೆ ಪರ್ಜ್ ಕ್ಯಾಶ್ ಒತ್ತಿ. ಎಸ್‌ಎಸ್‌ಡಿಯಲ್ಲಿ ಐದನೇ ಒಂದು ಭಾಗವಾದರೂ ಖಾಲಿ ಇರಬೇಕು. ಒನ್‌ಡ್ರೈವ್ ಸಿಂಕ್ ಆಗುವ ಫೋಲ್ಡರ್‌ನಲ್ಲಿ ಕ್ಯಾಟಲಾಗ್ ಇದ್ದರೆ ಲೈಟ್‌ರೂಮ್ ಮುಚ್ಚಿ ಬೇರೆಡೆಗೆ ಸಾಗಿಸಿ, ಸಾಗಿಸುವಾಗ ಅದೇ ಹೆಸರಿನ, ಕೊನೆಗೆ ಡೇಟಾ ಎಂದಿರುವುದನ್ನು ಬಿಟ್ಟು ಬರಬೇಡಿ. ಎಐ ಮಾಸ್ಕ್‌ಗಳ ಮಾಹಿತಿ ಅದರಲ್ಲಿರುತ್ತದೆ. ವಿಂಡೋಸ್ ಸೆಕ್ಯುರಿಟಿಯ ಎಕ್ಸ್‌ಕ್ಲೂಶನ್ಸ್‌ಗೆ ಕ್ಯಾಟಲಾಗ್ ಫೋಲ್ಡರ್ ಸೇರಿಸಿ. 60,000 ಫೋಟೋ ಲೈಟ್‌ರೂಮ್‌ಗೆ ದೊಡ್ಡ ಸಂಖ್ಯೆಯೇನಲ್ಲ, ಕ್ಯಾಟಲಾಗ್ ಒಡೆಯುವ ಅಗತ್ಯವಿಲ್ಲ. ಬ್ಯಾಕಪ್ ತೆಗೆದು ಫೈಲ್ ಮೆನುವಿನ ಆಪ್ಟಿಮೈಸ್ ಕ್ಯಾಟಲಾಗ್ ಓಡಿಸಿದರೆ ಸಾಕು.

ರ‍್ಯಾಮ್ ಬೇಕೋ ಬೇಡವೋ ಎನ್ನುವುದನ್ನೂ ಟಾಸ್ಕ್ ಮ್ಯಾನೇಜರ್‌ನಲ್ಲೇ ನೋಡಬಹುದು. ಕೆಲಸ ಮಾಡುವಾಗ 16ರಲ್ಲಿ 15 ಜಿಬಿ ತುಂಬಿಯೇ ಇದ್ದರೆ 32ಕ್ಕೆ ಏರಿಸುವುದು ಸಾರ್ಥಕ. 10-11ರಲ್ಲಿ ನಿಂತಿದ್ದರೆ ಆ ದುಡ್ಡಿನಿಂದ ವ್ಯತ್ಯಾಸ ಕಾಣುವುದಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಆಲ್ಟ್, ಶಿಫ್ಟ್ ಒತ್ತಿ ಹಿಡಿದು ಲೈಟ್‌ರೂಮ್ ತೆರೆಯಿರಿ, ಪ್ರೆಫರೆನ್ಸಸ್ ರೀಸೆಟ್ ಮಾಡಲೇ ಎಂದು ಕೇಳುತ್ತದೆ. ಫೋಟೋ, ಎಡಿಟ್ ಏನೂ ಅಳಿಯುವುದಿಲ್ಲ. ಆದರೆ ಖಾಲಿ ಕ್ಯಾಟಲಾಗ್ ತೆರೆದುಕೊಂಡು ಎದೆ ಧಸಕ್ ಎನ್ನಬಹುದು. ಫೈಲ್, ಓಪನ್ ಕ್ಯಾಟಲಾಗ್‌ನಿಂದ ನಿಮ್ಮದನ್ನು ಆರಿಸಿದರೆ ಎಲ್ಲವೂ ಅಲ್ಲೇ ಇರುತ್ತದೆ.

ಆಲ್ಬಮ್ ಕೊಡುವ ದಿನ ಹತ್ತಿರ ಬಂದಿದ್ದರೆ ಹಳೆಯ ಆವೃತ್ತಿಗೆ ಮರಳುವುದರಲ್ಲಿ ತಪ್ಪಿಲ್ಲ. ಕ್ರಿಯೇಟಿವ್ ಕ್ಲೌಡ್ ಆ್ಯಪ್‌ನಲ್ಲಿ ಲೈಟ್‌ರೂಮ್ ಕ್ಲಾಸಿಕ್ ಪಕ್ಕದ ಮೂರು ಚುಕ್ಕಿ ಒತ್ತಿ, ಅದರ್ ವರ್ಶನ್ಸ್ ಆರಿಸಿ. ಹಳೆಯ ಆವೃತ್ತಿ ಹೊಸ ಕ್ಯಾಟಲಾಗ್ ತೆರೆಯುವುದಿಲ್ಲ, ಹಳೆಯದನ್ನೇ ತೆರೆಯಬೇಕು. ಅಪ್‌ಗ್ರೇಡ್ ಆದ ಮೇಲೆ ಮಾಡಿದ ಎಡಿಟ್ ಅದರಲ್ಲಿ ಇರುವುದಿಲ್ಲ. ಹಾಗಾಗಿ ಹೊಸದನ್ನು ಮುಚ್ಚುವ ಮೊದಲು ಆ ಫೋಟೋಗಳನ್ನು ಲೈಬ್ರರಿಯ ಗ್ರಿಡ್‌ನಲ್ಲಿ ಆರಿಸಿ, ಕಂಟ್ರೋಲ್ ಮತ್ತು ಎಸ್ ಒತ್ತಿ, ಎಡಿಟ್‌ಗಳನ್ನು ರಾ ಫೋಟೋ ಪಕ್ಕದಲ್ಲೇ ಇರುವ ಎಕ್ಸ್‌ಎಂಪಿ ಫೈಲ್‌ಗಳಿಗೆ ಬರೆಸಿಕೊಳ್ಳಿ. ಹಳೆಯ ಕ್ಯಾಟಲಾಗ್‌ನಲ್ಲಿ ಅವೇ ಫೋಟೋ ಆರಿಸಿ, ಮೆಟಾಡೇಟಾ ಮೆನುವಿನಿಂದ ಫೈಲ್‌ನಲ್ಲಿರುವುದನ್ನು ಓದಿಸಿ. ವರ್ಚುವಲ್ ಕಾಪಿ, ಕಲೆಕ್ಷನ್, ಹಿಸ್ಟರಿ ಈ ದಾರಿಯಲ್ಲಿ ಬರುವುದಿಲ್ಲ. ಮದುವೆಯ ಆಯ್ಕೆಗಳನ್ನು ಕಲೆಕ್ಷನ್‌ನಲ್ಲಿ ಇಟ್ಟಿದ್ದರೆ ಮೊದಲು ಅವಕ್ಕೆಲ್ಲ ಒಂದು ಕೀವರ್ಡ್ ಕೊಟ್ಟು, ಆಮೇಲೆ ಸೇವ್ ಮಾಡಿ.