ಗಾಜು ಇಟ್ಟರೂ ಕಿಡಿ ಯಾಕ?

ವಿಜಯಪುರದ ಸ್ನೇಹಿತರ, ಎರಡು ತಾಮ್ರದ ತಟ್ಟೆಗಳ ನಡುವ 5 ಮಿ.ಮೀ. ಗಾಜು, ಉಳಿದ 1 ಮಿ.ಮೀ. ಗಾಳಿ, ಎಸಿ ಶಿಖರ 10 ಕಿಲೋವೋಲ್ಟ್ ತಲುಪಿದ ಕೂಡಲೆ ಚಟಚಟ ಯಾಕ ಅಂತ ಕೇಳೀರಿ. ಹತ್ತು ಕಿಲೋವೋಲ್ಟನ್ನ ಒಟ್ಟು ಆರು ಮಿ.ಮೀ.ದಿಂದ ಭಾಗಿಸಿ, ವಿದ್ಯುತ್ ಕ್ಷೇತ್ರ ಎಲ್ಲಾ ಕಡೆ ಮಿ.ಮೀ.ಗೆ 1.67 ಕಿಲೋವೋಲ್ಟ್ ಅಂತ ಹಿಡಿದದ್ದ ತಪ್ಪು ನೋಡ್ರಿ. ಗಾಜು ಧ್ರುವೀಕರಣಗೊಂಡು, ಅಂದ್ರ ಒಳಗಿನ ಧನ-ಋಣ ಆವೇಶಗಳು ತುಸು ಸರಿದು, ತನ್ನೊಳಗಿನ ಕ್ಷೇತ್ರ ತಗ್ಗಿಸ್ಕೋತದ, ವೋಲ್ಟೇಜಿನ ಭಾರ ಗಾಳಿ ಮ್ಯಾಲ ಬೀಳ್ತದ. ಗಾಜಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಹಿಂಗ ಕ್ಷೇತ್ರ ತಗ್ಗಿಸೋ ಗುಣದ ಅಳತಿ) 5 ಅಂತ ಹಿಡಿದ್ರ ಗಾಜಿನಾಗ ಮಿ.ಮೀ.ಗೆ 1, ಗಾಳಿಯಾಗ 5 ಕಿಲೋವೋಲ್ಟ್. ಅಷ್ಟು ಅಂತರದ ಗಾಳಿ ಸುಮಾರು 4.5ಕ್ಕನ ಸೋಲ್ತದ.

ಸಂದಿಗೆ ಒಣ ಟ್ರಾನ್ಸ್‌ಫಾರ್ಮರ್ ಎಣ್ಣಿ ತುಂಬ್ರಿ. ಅದರ ಸ್ಥಿರಾಂಕ 2.2, ಎಣ್ಣಿಯೊಳಗ ಕ್ಷೇತ್ರ 3.1ಕ್ಕ ಇಳೀತದ, ಅದನ್ನ ಎಣ್ಣಿ ಆರಾಮಾಗಿ ತಡೀತದ. ಗುಳ್ಳಿ ಮಾತ್ರ ಉಳಿಬಾರದು, ಕಿಡಿ ಅಲ್ಲೇ ಸುರು ಆಗ್ತದ. ಮುಟ್ಟೂ ಮೊದಲ ಸಪ್ಲೈ ತೆಗೆದು, ತಟ್ಟೆಗಳನ್ನ ಅರ್ಥ್ (ನೆಲಕ್ಕ ಜೋಡಣಿ) ಮಾಡ್ರಿ.